ಎಡಗಡೆಯ ಮುಂದಿನ ಚಕ್ರ

ರಸ್ತೆಯ ಮೇಲೆ ಹುರುಳಿ ಹಾಸಿದ್ದರೆ ನಾನು ಪಕ್ಕಕ್ಕೆ ಸರಿದು ಹೋಗುವವಳಲ್ಲ. ಕವಲಂದೆಯಲ್ಲಿ ನಮ್ಮವ್ವ ಹುರುಳಿ ಗಿಡ ಕಿತ್ತು ತಂದು, ಟಾರು ರಸ್ತೆಗೆ ಹರಡಿ, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಬಸ್ಸು ಲಾರಿಗಳ ದಾರಿ ಕಾಯುತ್ತಿದ್ದುದನ್ನು ನೋಡುತ್ತಲೇ ಬೆಳೆದವಳು ನಾನು. ಕಾಯಿ ಒಡೆದು ಕಾಳು ಉದುರಬೇಕಾದರೆ ಅದರ ಮೇಲೆ ಎಷ್ಟೋ ಚಕ್ರಗಳು ಉರುಳಬೇಕು. ಹುರುಳಿ ತಪ್ಪಿಸಿ ಅಂಚಿನಲ್ಲಿ ಹೋದ ಕಾರಿನವರನ್ನು ಅವ್ವ ಸುಮ್ಮನೆ ಬಿಡುತ್ತಿರಲಿಲ್ಲ. "ತುಳುದ್ರೆ ಅವ್ನ ಚಕ್ರ ಸವ್ದೋಯ್ತಿತ್ತಾ, ಮೂದೇವಿ" ಎಂದು ಅವನು ಕಣ್ಮರೆಯಾಗುವವರೆಗೂ ಬಯ್ಯುತ್ತಿದ್ದಳು. ನಾನು ನಲವತ್ತೇಳನೇ ವಯಸ್ಸಿಗೆ ಕಾರು ಕಲಿತ ಮೇಲೆ ಡಿಸೆಂಬರ್, ಜನವರಿಯಲ್ಲಿ ಎಲ್ಲಿ ಹುರುಳಿ ಕಂಡರೂ ನಡುಮಧ್ಯಕ್ಕೇ ಇಳಿಸುತ್ತಿದ್ದೆ. ನಿಧಾನ ಮಾಡುತ್ತಿದ್ದೆ. ಎರಡು ಸಲ ರಿವರ್ಸ್ ತೆಗೆದು ಮತ್ತೆ ತುಳಿಸಿದ್ದೂ ಉಂಟು.

ಆ ಶನಿವಾರ ಮಧ್ಯಾಹ್ನ ಟಿ. ನರಸೀಪುರದಿಂದ ನಂಜನಗೂಡಿಗೆ ವಾಪಸು ಬರುತ್ತಿದ್ದೆ. ಕಾರಿನಲ್ಲಿ ನಾನೊಬ್ಬಳೇ. ದಿನವೂ ನನ್ನ ಜೊತೆ ಬರುವ ನಯನ ಸ್ಕ್ಯಾನಿಂಗ್ ಇದೆಯೆಂದು ರಜೆ ಹಾಕಿದ್ದಳು. ಅರ್ಧ ದಾರಿಯಲ್ಲಿ ಒಂದು ಸಣ್ಣ ಊರು. ಅಲ್ಲಿ ತಿಂಗಳಿಂದ ಹುರುಳಿ ಒಕ್ಕಣೆ ನಡೆದಿತ್ತು. ಅದನ್ನು ಕಾಯುತ್ತ ಕೂರುವ ಮುದುಕಿಯ ಹೆಸರು ನನಗೆ ಗೊತ್ತಿಲ್ಲ, ದೊಡ್ಡಮ್ಮ ಅನ್ನುತ್ತಿದ್ದೆ. ನನ್ನ ಬಿಳಿ ಕಾರು ದೂರದಲ್ಲಿ ಕಂಡದ್ದೇ ಅವಳು ಕೋಲು ಎತ್ತಿ ಬೀಸಿದಳು.

"ಈ ಕಡೀಕ್ ಬಾರವ್ವ, ಈ ಕಡೀಕೆ! ಇಲ್ಲಿ ಇನ್ನೂ ಕಾಯೇ ಒಡ್ದಿಲ್ಲ!"

ಅವಳು ತೋರಿಸಿದ್ದು ಎಡ ಅಂಚು. ಅಲ್ಲಿ ಗಿಡ ಮೊಣಕಾಲುದ್ದ ಪೇರಿಸಿದ್ದರು. ನಾನು ಸ್ಟೀರಿಂಗ್ ಎಡಕ್ಕೆ ತಿರುಗಿಸಿದೆ. ಬೈಕಿನವರು ಅಂಚಿನಲ್ಲಿ ನುಗ್ಗದಿರಲೆಂದು ಹುರುಳಿಯ ಉದ್ದಕ್ಕೂ ಕಲ್ಲು ಇಟ್ಟಿರುತ್ತಾರೆ. ಅದು ನನಗೆ ಗೊತ್ತಿಲ್ಲದ ಸಂಗತಿಯಲ್ಲ. ಕಲ್ಲುಗಳಲ್ಲೊಂದು ಗಿಡದ ಅಡಿಯಲ್ಲಿ ಮುಚ್ಚಿಹೋಗಿತ್ತು. ಧಡ್ ಎಂದಿತು. ಕಾರು ಎಡಗಡೆ ಒಮ್ಮೆ ಎದ್ದು ಕೂತಿತು.

"ಅಯ್ಯಯ್ಯೋ, ಕಲ್ಲು ಕಣವ್ವ! ಗಾಡಿಗೇನಾರ ಆಯ್ತಾ?"

"ಏನಿಲ್ಲ ದೊಡ್ಡಮ್ಮ, ಏನಿಲ್ಲ" ಎಂದೆ, ಇಳಿದು ನೋಡದೆಯೇ. ಹಿಂದೆ ಒಂದು ಟಂಟಂ ಆಟೋ ಹಾರನ್ ಹೊಡೆಯುತ್ತಿತ್ತು. ಮುಂದಕ್ಕೆ ಹೋದೆ.

ಊರು ದಾಟಿದ ಮೇಲೆ ಸದ್ದು ಕೇಳಿಸಿತು. ಸರ್, ಸರ್, ಸರ್ ಎಂದು, ಚಕ್ರದ ಒಂದೊಂದು ಸುತ್ತಿಗೆ ಒಂದೊಂದು ಸಲ. ವೇಗ ಹೆಚ್ಚಿಸಿದರೆ ಸದ್ದು ಒಂದರ ಮೇಲೊಂದು ಬಿದ್ದು ಒಂದೇ ಎಳೆಯಾಗುತ್ತಿತ್ತು, ನಿಧಾನ ಮಾಡಿದರೆ ಮತ್ತೆ ಬಿಡಿಯಾಗುತ್ತಿತ್ತು. ರೈಲ್ವೆ ಗೇಟಿನ ಹತ್ತಿರ ಬ್ರೇಕ್ ಒತ್ತಿದಾಗ ಸ್ಟೀರಿಂಗ್ ನನ್ನ ಕೈಯನ್ನು ಎಡಕ್ಕೆ ಎಳೆಯಿತು. ಜೋರಾಗಿ ಅಲ್ಲ. ಮಗು ಅಂಗಡಿ ಕಂಡಾಗ ಬೆರಳು ಹಿಡಿದು ಎಳೆಯುತ್ತದಲ್ಲ, ಅಷ್ಟೇ.

ಮನೆ ಮುಟ್ಟಿ, ಗೇಟಿನೊಳಗೆ ನಿಲ್ಲಿಸಿ, ಇಳಿದೆ. ಆಮೇಲೆ ಎರಡೂವರೆ ವರ್ಷದಿಂದ ಆ ಮನೆಯಲ್ಲಿ ಯಾರೂ ಮಾಡದ ಒಂದು ಕೆಲಸ ಮಾಡಿದೆ. ಬಗ್ಗಿ, ಅಂಗೈಯ ಹಿಂಬದಿಯನ್ನು ಒಂದೊಂದೇ ಚಕ್ರದ ಹತ್ತಿರ ಹಿಡಿದೆ.

ಅದು ನನ್ನ ಗಂಡನ ಅಭ್ಯಾಸ. ಪ್ರೇಮ್‌ಕುಮಾರ್ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಅವರಪ್ಪ ಲಾರಿ ಓಡಿಸುತ್ತಿದ್ದರು. ಅಪ್ಪನಿಂದ ಕಲಿತದ್ದೆಂದು ದೂರದಿಂದ ಬಂದಾಗಲೆಲ್ಲ ಕಾರಿನ ಸುತ್ತ ಒಂದು ಸುತ್ತು ಹಾಕಿ ನಾಲ್ಕೂ ಚಕ್ರದ ಬಿಸಿ ನೋಡುತ್ತಿದ್ದರು. "ಇದೇನ್ರೀ, ಜ್ವರ ನೋಡೋ ಹಂಗೆ" ಎಂದು ನಾನು ನಗುತ್ತಿದ್ದೆ. "ಜ್ವರಾನೇ ಕಣೇ. ನಾಲ್ಕೂ ಒಂದೇ ಬಿಸಿ ಇದ್ರೆ ಪರವಾಗಿಲ್ಲ. ಒಂದಕ್ಕೆ ಮಾತ್ರ ಜಾಸ್ತಿ ಇದ್ರೆ ಅದರ ಬ್ರೇಕ್ ಎಲ್ಲೋ ಹಿಡ್ಕೊಂಡಿದೆ ಅಂತ" ಎನ್ನುತ್ತಿದ್ದರು. ನಾನು ಚೀಲ ಎತ್ತಿಕೊಂಡು ಒಳಗೆ ಹೋಗಿಬಿಡುತ್ತಿದ್ದೆ.

ಬಲಗಡೆ ಎರಡೂ, ಎಡಗಡೆ ಹಿಂದಿನದು, ಬಿಸಿಲಿಗಿಟ್ಟ ತಪ್ಪಲೆಯಷ್ಟು ಬೆಚ್ಚಗಿದ್ದವು. ಎಡಗಡೆಯ ಮುಂದಿನದರ ಹತ್ತಿರ ಹೋದ ಕೈ ತಾನೇ ಹಿಂದಕ್ಕೆ ಬಂತು.

ಆ ಚಕ್ರದ ಸರಿ ಮೇಲೆ, ಎಡಗಡೆಯ ಮುಂದಿನ ಸೀಟಿನಲ್ಲಿ, ದಿನವೂ ಕೂರುವವಳು ನಯನ. ಆರು ತಿಂಗಳ ಬಸುರಿ.

ನಯನ ನರಸೀಪುರದ ಕೋರ್ಟಿನಲ್ಲಿ ಟೈಪಿಸ್ಟ್. ನಾನು ಅಲ್ಲೇ ಒಂದು ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡುತ್ತೇನೆ. ಅವಳ ಮನೆ ನಂಜನಗೂಡಿನಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆ. ಗಂಡ ಚೆಲುವರಾಜುವಿಗೆ ಫ್ಯಾಕ್ಟರಿಯಲ್ಲಿ ಪಾಳಿ ಕೆಲಸ, ಅವನ ಹೊತ್ತಿಗೂ ಅವಳ ಹೊತ್ತಿಗೂ ಹೊಂದುವುದಿಲ್ಲ. ಮದುವೆಯಾಗಿ ಆರು ವರ್ಷಕ್ಕೆ ನಿಂತ ಬಸುರು. ಬಸ್ಸಿನಲ್ಲಿ ನಿಂತುಕೊಂಡು ಓಡಾಡುವುದು ಬೇಡ, ಕೆಲಸವೇ ಬಿಟ್ಟುಬಿಡಲಿ ಎಂದು ಅವಳ ಅತ್ತೆ ಪುಟ್ಟಲಕ್ಷ್ಮಮ್ಮ ಹಟ ಹಿಡಿದಿದ್ದಾಗ ನಾನೇ ಹೋಗಿ ಕೇಳಿದ್ದೆ. ಹೇಗೂ ನಾನು ದಿನಾ ಹೋಗುತ್ತೇನಲ್ಲ, ಕರೆದುಕೊಂಡು ಹೋಗಿ ಕರೆದುಕೊಂಡು ಬರುತ್ತೇನೆ ಎಂದೆ. ಪುಟ್ಟಲಕ್ಷ್ಮಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದ್ದರು. "ನಿದಾನಕ್ ಓಡುಸ್ತೀಯಾ?" ಎಂದು ಕೇಳಿದ್ದರು. "ನಿನ್ ಜೊತೆಗಾದ್ರೆ ಕಳುಸ್ತೀನಿ ಕಣವ್ವ, ಬ್ಯಾರೆ ಯಾರ್ ಜೊತೆಗೂ ಕಳುಸಲ್ಲ."

ಉಪಕಾರ ಮಾಡಿದವಳು ನಾನು ಎಂದು ಎಲ್ಲರೂ ತಿಳಿದರು. ನಾನು ತಿದ್ದಲಿಲ್ಲ.

ಲೈಬ್ರರಿಯಲ್ಲಿ ಈಗ ಯಾರೂ ಬರುವುದಿಲ್ಲ. ಬಂದವರೂ ಫೋನ್ ಚಾರ್ಜಿಗೆ ಹಾಕಲು ಪ್ಲಗ್ ಇರುವ ಮೂಲೆ ಹುಡುಕುತ್ತಾರೆ. ಕೆಲವು ದಿನ ಹಾಜರಿ ಪುಸ್ತಕಕ್ಕೆ ಸಹಿ ಹಾಕುವಾಗ ಗುಮಾಸ್ತರಿಗೆ ಹೇಳುವ ನಮಸ್ಕಾರ ಬಿಟ್ಟರೆ ಸಂಜೆಯ ತನಕ ನನ್ನ ಬಾಯಿ ತೆರೆಯುತ್ತಿರಲಿಲ್ಲ. ಮನೆಯಲ್ಲೂ ಅಷ್ಟೇ. ನಮಗೆ ಮಕ್ಕಳಾಗಲಿಲ್ಲ. ಪ್ರೇಮ್ ಹೋದ ಮೊದಲ ವರ್ಷ ಒಂದು ಸಂಜೆ ಹಾಲಿನವನು ಏನೋ ಕೇಳಿದಾಗ ನನ್ನ ಗಂಟಲಿನಿಂದ ಸ್ವರ ಹೊರಡದೆ ಕೆಮ್ಮಿಕೊಂಡಿದ್ದೆ, ಬೆಳಗಿನಿಂದ ಬಳಸಿರಲಿಲ್ಲವಾದ್ದರಿಂದ.

ನಯನ ಕಾರು ಹತ್ತಿದಾಗಿನಿಂದ ಇಳಿಯುವವರೆಗೂ ಮಾತಾಡುತ್ತಾಳೆ. ವಕೀಲರ ನಡಿಗೆ ತೋರಿಸುತ್ತಾಳೆ. ಸಾಕ್ಷಿ ಹೇಳಲು ಬಂದು ಕಟಕಟೆಯಲ್ಲೇ ಕಡ್ಲೆಪುರಿ ತಿನ್ನತೊಡಗಿದ ಅಜ್ಜನ ಕತೆ ಹೇಳುತ್ತಾಳೆ. ಅತ್ತೆಯನ್ನು ಬಯ್ಯುತ್ತಾಳೆ, ಅತ್ತೆ ಕಟ್ಟಿಕೊಟ್ಟ ಡಬ್ಬಿ ತೆಗೆದು ನನಗೂ ಒಂದು ಚಕ್ಕುಲಿ ಕೊಡುತ್ತಾಳೆ. ಹೊಟ್ಟೆ ಬಂದ ಮೇಲೆ ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿಕೊಂಡಿದ್ದಳು. ಎಂಟು ವರ್ಷ ನಾನು ಕೂತ ಸೀಟು ಅದು. ಆಗ ಪಕ್ಕದಲ್ಲಿ ಪ್ರೇಮ್ ಇರುತ್ತಿದ್ದರು, ಮಾತಾಡುತ್ತಿದ್ದವಳು ನಾನು. ಈಗ ನಯನಳ ಜೊತೆ ಬೆಳಿಗ್ಗೆ ಮುಕ್ಕಾಲು ಗಂಟೆ, ಸಂಜೆ ಮುಕ್ಕಾಲು ಗಂಟೆ. ಆ ಒಂದೂವರೆ ಗಂಟೆಗಾಗಿಯೇ ನಾನು ಮಿಕ್ಕ ಹೊತ್ತನ್ನು ದಾಟುತ್ತಿದ್ದೆ.

ಹದಿನೈದು ದಿನದ ಹಿಂದೆ ಅವಳು ಮೂಗು ಮುಚ್ಚಿಕೊಂಡು "ಏನೋ ಸುಟ್ಟ ವಾಸನೆ ಅಕ್ಕ" ಎಂದಿದ್ದಳು. ನಾನು ಮೂಸಿದೆ, ನನಗೇನೂ ಬರಲಿಲ್ಲ. "ಬಸುರೀರಿಗೆ ಎಲ್ಲಾ ವಾಸನೇನೂ ಹಂಗೇ ಕಣಮ್ಮ. ನಮ್ಮಕ್ಕನಿಗೆ ಸೋಪಿನ ವಾಸನೆಗೇ ವಾಂತಿ ಬರ್ತಿತ್ತು" ಎಂದು ನಕ್ಕು, ಮಾರನೆಯ ದಿನದಿಂದ ಅವಳಿಗೊಂದು ನಿಂಬೆಹಣ್ಣು ತರತೊಡಗಿದೆ. ಅವಳು ಅದನ್ನು ಉಗುರಿನಿಂದ ಗೀರಿ ಮೂಸುತ್ತ ಬರುತ್ತಿದ್ದಳು. ಮತ್ತೆ ವಾಸನೆಯ ಮಾತು ಆಡಲಿಲ್ಲ.

ಶನಿವಾರ ಸಂಜೆ ಅವಳೇ ಫೋನ್ ಮಾಡಿದಳು. ಸ್ಕ್ಯಾನಿಂಗಿನಲ್ಲಿ ಎಲ್ಲ ಚೆನ್ನಾಗಿದೆ ಅಂದರಂತೆ. "ಸೋಮವಾರ ಎಂದಿನ ಟೈಮಾ ಅಕ್ಕ?" ಎಂದು ಕೇಳಿದಳು.

"ಎಂದಿನ ಟೈಮೇ" ಎಂದೆ.

ಕಲ್ಲಿನ ವಿಷಯ ನಾಲಿಗೆಯ ತುದಿಯವರೆಗೆ ಬಂದಿತ್ತು. ಹೇಳಿದರೆ ಪುಟ್ಟಲಕ್ಷ್ಮಮ್ಮನ ಕಿವಿಗೆ ಬಿದ್ದೇ ಬೀಳುತ್ತದೆ. ಬಿದ್ದರೆ ಸೋಮವಾರದಿಂದ ಆ ಸೀಟು ಖಾಲಿ. ನಾಳೆ ಭಾನುವಾರ, ತೋರಿಸಿ ಸರಿಮಾಡಿಸಿಬಿಟ್ಟರೆ ಯಾರಿಗೂ ಹೇಳುವ ಪ್ರಸಂಗವೇ ಇರುವುದಿಲ್ಲ ಎಂದು ಲೆಕ್ಕ ಹಾಕಿದೆ.

ಭಾನುವಾರ ಬೆಳಿಗ್ಗೆ ಎಂಟಕ್ಕೆಲ್ಲ ನಂಜೇಶನ ಶೆಡ್ಡಿನ ಮುಂದಿದ್ದೆ. ಅವನು ಆಗತಾನೇ ಶಟರ್ ಎತ್ತಿ, ಊದುಬತ್ತಿ ಹಚ್ಚುತ್ತಿದ್ದ. ಪ್ರೇಮ್ ಇದ್ದಾಗಿನಿಂದಲೂ ಕಾರು ನೋಡುವವನು ಅವನೇ.

"ಬನ್ನಿ ಮೇಡಂ. ಏನಂತದೆ ಮೇಷ್ಟ್ರ ಗಾಡಿ?"

"ಎಡಗಡೆ ಚಕ್ರ ಕಲ್ಲಿಗೆ ತಗುಲ್ತು ನಂಜೇಶ್. ಬ್ರೇಕ್ ಹಿಡಿದ್ರೆ ಎಳೀತಿದೆ."

"ಯಾವ್ ಕಲ್ಲು? ಕಿಲೋಮೀಟ್ರು ಕಲ್ಲಾ?"

"ಹುರುಳಿ ಒಕ್ಕಣೆಗೆ ಇಟ್ಟಿರ್ತಾರಲ್ಲ, ಅದು."

ಅವನು ಊದುಬತ್ತಿ ಹಿಡಿದುಕೊಂಡೇ ನಕ್ಕ. "ನೀವೂನಾ! ವರ್ಸಾವರ್ಸ ಸಂಕ್ರಾಂತಿ ಟೈಮ್ನಲ್ಲಿ ನಂಗೆ ಉರುಳಿದೇ ಕೆಲ್ಸ ಕಣ್ರೀ. ರೈತ್ರಿಗೆ ಕಾಳು, ನಂಗೆ ಗಾಡಿ. ಕೂತ್ಕಳಿ, ಒಂದ್ ರೌಂಡ್ ಓಗ್ಬರಣ. ಆ ಕಡೆ ಅಲ್ಲ, ಈ ಕಡೆ. ನಾನ್ ಓಡುಸ್ತೀನಿ."

ಹೀಗೆ ನಾನು ಎರಡೂವರೆ ವರ್ಷದ ನಂತರ ಎಡಗಡೆಯ ಸೀಟಿನಲ್ಲಿ ಕೂತೆ. ನಯನ ಹಿಂದಕ್ಕೆ ತಳ್ಳಿದ್ದರಿಂದ ಕಾಲಿಗೆ ಬೇಕಾದಷ್ಟು ಜಾಗ ಇತ್ತು. ಬಾಗಿಲಿನ ಜೇಬಿನಲ್ಲಿ ಒಣಗಿದ ಒಂದು ನಿಂಬೆಹಣ್ಣು. ಎದುರಿಗೆ ಪ್ರೇಮ್ ಅಂಟಿಸಿದ್ದ ಪುಟ್ಟ ಬುದ್ಧ, ಅಲ್ಲಿಂದ ಕಾಣುವ ಅದೇ ಓರೆ ಮುಖ. ಕಸಿವಿಸಿಯಾಗಿ ನಾನು ಏನೇನೋ ಹೇಳತೊಡಗಿದೆ. ಕಲ್ಲು ಎಷ್ಟು ದೊಡ್ಡದಿತ್ತು, ಟಂಟಂನವನು ಹೇಗೆ ಹಾರನ್ ಹೊಡೆದ, ಎಲ್ಲಾ.

"ಮೇಡಂ, ಒಸಿ ಮಾತಾಡ್ಬೇಡಿ. ಕಿವಿ ಕೊಡಿ."

ಸುಮ್ಮನಾದೆ. ಹೊಸ ಬಡಾವಣೆಯ ಖಾಲಿ ರಸ್ತೆಯಲ್ಲಿ ಅವನು ಸ್ವಲ್ಪ ವೇಗ ಕೊಟ್ಟು, ಸ್ಟೀರಿಂಗ್ ಮೇಲೆ ಬೆರಳ ತುದಿ ಮಾತ್ರ ಇಟ್ಟು, ಬ್ರೇಕ್ ಒತ್ತಿದ. ಕಾರು ತಾನಾಗಿ ಎಡಕ್ಕೆ ವಾಲಿತು. ಮತ್ತೊಮ್ಮೆ ಮಾಡಿದ, ಮತ್ತೆ ವಾಲಿತು. ಸರ್, ಸರ್ ಎನ್ನುವುದು ಈ ಸೀಟಿನಲ್ಲಿ ನನ್ನ ಕಾಲಡಿಯಲ್ಲೇ ಉಜ್ಜಿದಂತೆ ಕೇಳುತ್ತಿತ್ತು.

"ಈ ಸದ್ದು ಎಷ್ಟ್ ದಿನದಿಂದ ಅದೆ?"

"ನಿನ್ನೆಯಿಂದ."

ಅವನು ನನ್ನ ಕಡೆ ಒಮ್ಮೆ ನೋಡಿ ಗಾಡಿ ತಿರುಗಿಸಿದ.

ಶೆಡ್ಡಿಗೆ ಬಂದು ಜಾಕಿ ಕೊಟ್ಟು ಚಕ್ರ ಎತ್ತಿದ. ಕೈಯಿಂದ ತಿರುಗಿಸಿ, ಒಂದು ಕಣ್ಣು ಮುಚ್ಚಿ ರಿಮ್ಮು ಓಲಾಡುತ್ತದೆಯೇ ಎಂದು ನೋಡಿದ. ಅಂಚಿನಲ್ಲಿ ಹೆಬ್ಬೆರಳಗಲ ಚಪ್ಪಟೆಯಾಗಿತ್ತು. ಟೈರಿನ ಒಳಮೈಯನ್ನು ಪೂರ್ತಿ ಸವರಿ "ಉಬ್ಬಿಲ್ಲ, ಟೈರು ಬದುಕ್ಕಂಡದೆ" ಎಂದ. ಬಾನೆಟ್ ಎತ್ತಿ ಬ್ರೇಕ್ ಆಯಿಲ್ ಎಷ್ಟಿದೆಯೆಂದು ನೋಡಿದ. ಆಮೇಲೆ ನಟ್ಟು ಬಿಚ್ಚಿ ಚಕ್ರವನ್ನೇ ತೆಗೆದು ಪಕ್ಕಕ್ಕೆ ಮಲಗಿಸಿದ. ಒಳಗೆ ಬಗ್ಗಿ ಕೈ ಹಾಕಿ ತಡವಿದ.

"ಇಲ್ ಬನ್ನಿ ಮೇಡಂ. ನೀವೇ ನೋಡಿ."

ಬಗ್ಗಿ ನೋಡಿದೆ. ಚಕ್ರವನ್ನು ತಿರುಗಿಸುವ ಕಬ್ಬಿಣದ ದಂಡದ ಸುತ್ತ ಹುರುಳಿ ಬಳ್ಳಿ ಸುತ್ತಿಕೊಂಡು, ಹುರಿಗೊಂಡು, ಮಣಿಕಟ್ಟಿನ ದಪ್ಪದ ಹಗ್ಗವಾಗಿಬಿಟ್ಟಿತ್ತು. ಕೂತು ಹೆಣೆದಂತೆ ಅಷ್ಟು ಬಿಗಿ. ಹೊರಗಿನ ಸುತ್ತು ಒಣಹುಲ್ಲಿನ ಬಣ್ಣಕ್ಕಿತ್ತು. ಬ್ರೇಕ್ ಹಿಡಿಯುವ ಡಿಸ್ಕಿನ ಕಡೆಯದು ಸುಟ್ಟು ಕರಿಕಾಗಿತ್ತು. ನಂಜೇಶ ಕೊಯ್ಯುವ ಬ್ಲೇಡಿನಿಂದ ಕತ್ತರಿಸಿ ಒಂದು ತುಂಡು ಕಿತ್ತು ನನ್ನ ಕೈಗೆ ಕೊಟ್ಟ. ಒಳಗಡೆ ಇನ್ನೂ ನಾಲ್ಕು ಕಾಯಿ ಒಡೆಯದೆ ಉಳಿದಿದ್ದವು.

"ಕಲ್ಲು ಮಾಡಿರದು ಇಷ್ಟೇ." ಡಿಸ್ಕಿನ ಹಿಂದಿನ ತೆಳು ತಗಡನ್ನು ಬೆರಳಿನಿಂದ ತಟ್ಟಿದ. ಅದು ಬಗ್ಗಿ ಒಳಕ್ಕೆ ಒತ್ತಿಕೊಂಡಿತ್ತು. "ಈ ತಗುಡು ಬಗ್ಗಿ ಉಲ್ಲನ್ನ ಡಿಸ್ಕಿಗೆ ಒತ್ತಿ ಇಡ್ದದೆ. ಅದ್ಕೇ ಸದ್ದು, ಅದ್ಕೇ ಬಿಸಿ. ಆದ್ರೆ ಈ ಉಲ್ಲು ನಿನ್ನೇದಲ್ಲ ಮೇಡಂ. ಇದು ತಿಂಗ್ಳಿಂದ ಸುತ್ಕಂಡಿರದು. ಒಸೊಸಿ ಸುಡ್ತಾನೇ ಅದೆ. ನಿಮ್ಗೆ ವಾಸ್ನೆ ಬರ್ಲಿಲ್ವಾ?"

ನಾನು ಕೈಯಲ್ಲಿದ್ದ ಹುಲ್ಲನ್ನು ಮೂಗಿನ ಹತ್ತಿರ ಹಿಡಿದೆ. ಅವ್ವ ಹುರುಳಿ ಹುರಿಯುವಾಗ ಹತ್ತಿದರೆ ಬರುತ್ತಿದ್ದ ವಾಸನೆ. ಹದಿನೈದು ದಿನ ಅದರ ಮೇಲೆಯೇ ಕೂತು ನಯನ ನಿಂಬೆಹಣ್ಣು ಮೂಸಿದ್ದಳು.

"ಒಬ್ರಿಗೆ ಬಂದಿತ್ತು" ಎಂದೆ. "ನಾನು ನಂಬಲಿಲ್ಲ."

ನಂಜೇಶ ಕೇಳಿಸಿಕೊಂಡನೋ ಇಲ್ಲವೋ. ಟಾರ್ಚ್ ಬಿಟ್ಟು ಒಂದು ಕಪ್ಪು ರಬ್ಬರಿನ ಕೊಳವೆ ತೋರಿಸುತ್ತಿದ್ದ. ಬ್ರೇಕ್ ಆಯಿಲ್ ಚಕ್ರಕ್ಕೆ ಬರುವ ಹೋಸು ಅದು. ಹುಲ್ಲಿನ ಹಗ್ಗ ತಿರುಗಿ ತಿರುಗಿ ಅದನ್ನು ಉಜ್ಜಿ ಸವೆಸಿತ್ತು. ಒಂದು ಕಡೆ ಮೇಲಿನ ರಬ್ಬರ್ ಹೋಗಿ ಒಳಗಿನ ನೂಲು ಕಾಣುತ್ತಿತ್ತು. ನೂಲಿನ ಮೇಲೆ ತೇವ.

"ಇನ್ನೂ ಸೋರ್ತಿಲ್ಲ. ಬೆವುರ್ತದೆ ಅಷ್ಟೆ. ಜೋರಾಗ್ ಬ್ರೇಕ್ ಒತ್ತಿದ್ ದಿನ ಒಡ್ಕತದೆ. ಒಡುದ್ರೆ ಪೆಡ್ಲು ನೆಲಕ್ಕೋಯ್ತದೆ, ಗಾಡಿ ನಿಲ್ಲಲ್ಲ."

"ಇವತ್ತೇ ಹಾಕ್ಬಿಡು ಹೊಸದು."

"ಬಾನ್ವಾರ ಎಲ್ ಸಿಕ್ಕದು? ನಾಳೆ ಮೈಸೂರಿಗೆ ಫೋನ್ ಮಾಡಿ ಏಳ್ತೀನಿ, ಮಂಗಳ್ವಾರ ಬತ್ತದೆ. ಉಲ್ಲೆಲ್ಲ ತಗ್ದು ತಗುಡು ನೆಟ್ಟುಗ್ ಮಾಡಿರ್ತೀನಿ."

"ನಾಳೆ ಒಂದು ದಿನ ನಿಧಾನವಾಗಿ ಹೋಗಿಬಂದರೆ?"

ಅವನು ಎದ್ದು, ಬಟ್ಟೆಯಲ್ಲಿ ಕೈ ಒರೆಸಿಕೊಂಡ. ಬೇಡ ಎಂದು ಖಂಡಿತವಾಗಿ ಹೇಳಿದ್ದರೆ ನನಗೆ ಸುಲಭವಾಗುತ್ತಿತ್ತು.

"ನಾನಾದ್ರೆ ಓಯ್ತೀನಿ ಮೇಡಂ, ಒಬ್ನೇ. ಪಕ್ಕದಲ್ ಇನ್ನೊಬ್ರನ್ನ ಕೂರುಸ್ಕಳಲ್ಲ."

ಶೆಡ್ಡಿನಿಂದ ನಯನಳ ಮನೆಗೆ ನಡೆದುಕೊಂಡೇ ಹೊರಟೆ. ಹುಲ್ಲಿನ ತುಂಡು ಕೈಯಲ್ಲೇ ಇತ್ತು. ದಾರಿಯುದ್ದಕ್ಕೂ ಸುಳ್ಳುಗಳನ್ನು ಜೋಡಿಸಿದೆ. ಕಾರು ಸರ್ವೀಸಿಗೆ ಬಿಟ್ಟಿದ್ದೇನೆ ಎಂದರೆ ಸಾಕು. ಸರ್ವೀಸಿಗೆ ಬಿಟ್ಟದ್ದು ನಿಜವೇ. ಬುಧವಾರದಿಂದ ಮತ್ತೆ ಎಂದಿನಂತೆ. ಯಾರಿಗೂ ನಷ್ಟವಿಲ್ಲ. ಅವರ ಬೀದಿಯ ತಿರುವಿನಲ್ಲಿ ಒಂದು ಕ್ಷಣ ನಿಂತು, ಹುಲ್ಲನ್ನು ಚರಂಡಿಗೆ ಎಸೆಯಲು ಕೈ ಎತ್ತಿದವಳು ಎಸೆಯಲಿಲ್ಲ. ನಯನಳಿಗೆ ಬಂದ ವಾಸನೆ ನಿಜವಾಗಿತ್ತು. ಅದನ್ನು ಅವಳಿಗೆ ಹೇಳಬಲ್ಲವಳು ನಾನೊಬ್ಬಳೇ. ಹೇಳದಿದ್ದರೆ ಅವಳು ಇನ್ನು ಮುಂದೆಯೂ ತನ್ನ ಮೂಗನ್ನೇ ನಂಬದೆ ನಿಂಬೆಹಣ್ಣು ಹಿಡಿದು ಕೂರುತ್ತಾಳೆ.

ಪುಟ್ಟಲಕ್ಷ್ಮಮ್ಮ ಜಗುಲಿಯ ಮೇಲೆ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದರು. ನಯನ ಗೋಡೆಗೆ ಒರಗಿ ಕಾಲು ಚಾಚಿಕೊಂಡಿದ್ದಳು.

"ಬಾರವ್ವ ರೋಜಾ, ಕೂತ್ಕ. ಏನು, ಗಾಡಿ ಬುಟ್ಟು ನಡ್ಕಂಡ್ ಬಂದಿದ್ದೀಯೆ?"

ಕೂರದೆಯೇ ಹೇಳಿದೆ. ಕಲ್ಲು, ಸದ್ದು, ಹೋಸು, ಎಲ್ಲವನ್ನೂ. ಕೊನೆಗೆ ಹುಲ್ಲಿನ ತುಂಡನ್ನು ನಯನಳ ಕೈಗೆ ಕೊಟ್ಟೆ. "ನೀನು ಹೇಳಿದ ವಾಸನೆ ಇದೇ ಕಣಮ್ಮ. ನಿನ್ನ ಮೂಗು ಸರಿಯಾಗಿತ್ತು, ನನ್ನದೇ ತಪ್ಪು."

ಅವಳು ಮೂಸಿದವಳೇ ನೆಟ್ಟಗೆ ಕೂತಳು. "ಇದೇ! ಇದೇ ಅಕ್ಕ! ನೋಡಿದ್ರಾ ಅತ್ತೆ? ನಾನ್ ಹೇಳ್ತಾನೇ ಇದ್ದೆ. ನೀವೂ ನಿಂಬೆಹಣ್ಣು ಕೊಟ್ರಿ, ಅಕ್ಕನೂ ನಿಂಬೆಹಣ್ಣು ಕೊಟ್ರು. ನಂಜನಗೂಡಿನ ನಿಂಬೆಹಣ್ಣೆಲ್ಲಾ ನಾನೇ ಮೂಸಿದ್ದಾಯ್ತು, ಸುಡ್ತಿದ್ದದ್ದು ನೋಡಿದ್ರೆ ಚಕ್ರ!"

"ಬಾಯ್ಮುಚ್ಚು ಸಾಕು, ಗೆದ್ದೋಳ್ ತರ ಕುಣೀತಾಳೆ" ಎಂದರು ಪುಟ್ಟಲಕ್ಷ್ಮಮ್ಮ. ಆದರೆ ಅವರಿಗೂ ನಗು ಬಂದಿತ್ತು. ನಾನೂ ನಕ್ಕೆ. ಒಂದು ಕ್ಷಣ, ಏನೂ ಕೈತಪ್ಪಿ ಹೋಗಲಿಲ್ಲ ಅನ್ನಿಸಿತು.

ಆಮೇಲೆ ಅವರು ಇನ್ನೂ ಎಂಟು ಹತ್ತು ಕಾಯಿಗಳನ್ನು ಸುಲಿದರು.

"ಇವಳನ್ನ ಮೂಗೂರಿಗೇ ಕಳುಸ್ಬುಡದು ವಾಸಿ" ಎಂದರು, ನನಗೂ ಅಲ್ಲ, ಅವಳಿಗೂ ಅಲ್ಲ, ಮೊರಕ್ಕೆ ಹೇಳುವಂತೆ. ಮೂಗೂರು ನಯನಳ ತವರು. "ಎಂಗೂ ಮುಂದಿನ್ ತಿಂಗ್ಳು ಓಗ್ಬೇಕಿತ್ತು. ಅಲ್ಲಿಂದ ನರಸೀಪುರ ಅತ್ರ. ಅವ್ರಣ್ಣ ಕೋರ್ಟ್ ಬಾಗ್ಲಿಗೇ ಆಟೋದಲ್ ಬುಟ್ಟು ಬತ್ತಾನೆ."

"ಅತ್ತೆ, ಬುಧವಾರಕ್ಕೆ ಸರಿ ಹೋಗತ್ತೆ ಅಂತಿದ್ದಾರಲ್ಲ."

"ಸರಿ ಓಯ್ತದೆ ಕಣವ್ವ, ಯಾರು ಇಲ್ಲ ಅಂದೋರು? ನಂಗೆ ನಿದ್ದೆ ಬರ್ಬೇಕಲ್ಲ." ಆಮೇಲೆ ನನ್ನ ಕಡೆ ತಿರುಗಿದರು. ಕಣ್ಣಿನಲ್ಲಿ ಕೋಪವಿರಲಿಲ್ಲ. "ನೀ ಬಂದು ಏಳಿದ್ದು ಒಳ್ಳೇದಾಯ್ತು ರೋಜಾ. ಏಳ್ದೇ ಇದ್ದಿದ್ರೆ ನಮ್ಗೆಲ್ ಗೊತ್ತಾಯ್ತಿತ್ತು?"

ಅವರು ಸುಲಿದ ಅವರೆಕಾಳನ್ನು ಒಂದು ಡಬ್ಬಿಗೆ ತುಂಬಿ, ಬೇಡವೆಂದರೂ ಕೈಗಿಟ್ಟರು. ನಯನ ಗೇಟಿನವರೆಗೆ ಬಂದಳು. "ಊಟದ ಟೈಮಲ್ಲಿ ಲೈಬ್ರರಿಗೆ ಬರ್ತೀನಿ ಅಕ್ಕ. ದಿನಾ ಬರ್ತೀನಿ, ನೋಡ್ತಿರಿ" ಎಂದಳು. ಅಲ್ಲಿ ಜೋರಾಗಿ ಮಾತಾಡುವ ಹಾಗಿಲ್ಲ ಎಂದು ನಾನು ನೆನಪಿಸಿದೆ. "ಪಿಸುಗುಟ್ತೀನಿ" ಎಂದಳು. ಕೋರ್ಟಿಗೂ ಕಾಲೇಜಿಗೂ ನಡುವೆ ಎಷ್ಟು ದೂರವಿದೆ, ಆರು ತಿಂಗಳ ಹೊಟ್ಟೆ ಹೊತ್ತು ಬಿಸಿಲಿನಲ್ಲಿ ಯಾರು ನಡೆದು ಬರುತ್ತಾರೆ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು.

ಆ ಸಂಜೆ ಅವರೆಕಾಳು ಹಿದುಕುತ್ತ ಕೂತೆ. ಕಾಳಿನ ಸಿಪ್ಪೆ ಜಾರಿ ಬೇಳೆ ಹೊರಗೆ ನೆಗೆಯುವುದನ್ನು ಒಬ್ಬಳೇ ಎಷ್ಟು ಹೊತ್ತು ನೋಡಬಹುದು. ಒಬ್ಬಳಿಗೆ ಅಷ್ಟೊಂದು ಬೇಳೆ ಎರಡು ದಿನವಾದರೂ ಖರ್ಚಾಗುವುದಿಲ್ಲ.

ಸೋಮವಾರವೂ ಮಂಗಳವಾರವೂ ಬಸ್ಸಿನಲ್ಲಿ ಹೋದೆ. ಮಂಗಳವಾರ ಸಂಜೆ ಕಾಲೇಜಿನಿಂದ ನೇರ ಶೆಡ್ಡಿಗೆ ಹೋದಾಗ ನಂಜೇಶ ಹೊಸ ಹೋಸು ಹಾಕಿ ಮುಗಿಸಿದ್ದ. ಆದರೆ ಕೊಳವೆ ಬಿಚ್ಚಿದಾಗ ಒಳಗೆ ಗಾಳಿ ಸೇರುತ್ತದಂತೆ. ಅದನ್ನು ಹೊರಗೆ ಬಿಡದಿದ್ದರೆ ಬ್ರೇಕ್ ಹಿಡಿಯುವುದಿಲ್ಲ.

"ಒಬ್ಬ ಪೆಡ್ಲು ಒತ್ಬೇಕು, ಒಬ್ಬ ಕೆಳ್ಗಡೆ ನಟ್ಟು ಬಿಚ್ಬೇಕು. ನನ್ ಜೊತೆಯೋನು ಇವತ್ ಬಂದಿಲ್ಲ. ಒಸಿ ಕೂತ್ಕತೀರಾ ಮೇಡಂ? ಇದು ಒಬ್ರ್ ಕೈಲಿ ಆಗೊ ಕೆಲ್ಸ ಅಲ್ಲ."

ಡ್ರೈವರ್ ಸೀಟಿನಲ್ಲಿ ಕೂತೆ. ಅವನು ಕೆಳಗೆ ಮರೆಯಾದ. ಚಕ್ರದ ಹತ್ತಿರದಿಂದ ಸ್ವರ ಮಾತ್ರ ಬರುತ್ತಿತ್ತು.

"ಒತ್ತಿ."

"ಒತ್ತಿದೆ."

"ಇಡ್ಕಳಿ... ಇಡ್ಕಳಿ... ಬುಡಿ."

"ಬಿಟ್ಟೆ."

ಮೊದಮೊದಲು ಪೆಡಲ್ ಒದ್ದೆ ಹತ್ತಿಯ ಮೇಲೆ ಕಾಲಿಟ್ಟಂತೆ ಒಳಕ್ಕೆ ಹೋಗಿಬಿಡುತ್ತಿತ್ತು. ಒತ್ತಿ, ಇಡ್ಕಳಿ, ಬುಡಿ. ಮತ್ತೆ ಒತ್ತಿ. ಆಸ್ಪತ್ರೆಯಲ್ಲಿ ಪ್ರೇಮ್ ಹತ್ತಿರ ಕೂತು ನಾನು ಹೀಗೆಯೇ ಉಸಿರು ಎಣಿಸಿದ್ದೆ. ತಗೊಳ್ಳಿ, ಬಿಡಿ, ತಗೊಳ್ಳಿ ಎಂದು. ಅಲ್ಲಿ ನನ್ನ ಮಾತು ಕೇಳಿಸುತ್ತಿತ್ತೋ ಇಲ್ಲವೋ ತಿಳಿಯುತ್ತಿರಲಿಲ್ಲ. ಇಲ್ಲಿ ಕೆಳಗಿನಿಂದ ಉತ್ತರ ಬರುತ್ತಿತ್ತು. ಹತ್ತು ಹನ್ನೆರಡು ಸಲವಾದ ಮೇಲೆ ಪೆಡಲ್ ಅರ್ಧದಲ್ಲೇ ನಿಂತು ನನ್ನ ಪಾದವನ್ನು ಎದುರು ಒತ್ತಿತು. ಗಟ್ಟಿ ನೆಲ ಸಿಕ್ಕಿದ ಹಾಗೆ.

"ಈಗ್ ಸಿಕ್ತು ನೋಡಿ" ಎಂದ ನಂಜೇಶ ಕೆಳಗಿನಿಂದ. ಅಂದು ಬೆಳಗಿನಿಂದ ನಾನು ಆಡಿದ ಮಾತುಗಳಲ್ಲಿ ಹೆಚ್ಚಿನವು ಒತ್ತಿದೆ, ಬಿಟ್ಟೆ ಎಂಬವೇ ಎಂದು ಹೊಳೆಯಿತು. ಇನ್ನೂ ನಾಲ್ಕು ಸಲ ಒತ್ತಿ ಎಂದು ಅವನು ಹೇಳಬಾರದೇ ಅನ್ನಿಸಿತು.

ಬುಧವಾರ ಬೆಳಿಗ್ಗೆ ಎಂದಿನ ಹೊತ್ತಿಗೆ ಹೊರಟೆ. ನಯನಳ ಬೀದಿಯ ತಿರುವಿನಲ್ಲಿ ಅಭ್ಯಾಸಬಲದಿಂದ ಇಂಡಿಕೇಟರ್ ಹಾಕಿ, ಆರಿಸಿದೆ. ಅವಳು ಹಿಂದಿನ ದಿನವೇ ಮೂಗೂರಿಗೆ ಹೋಗಿದ್ದಳು. ಸೀಟು ಹಾಗೆಯೇ ಹಿಂದಕ್ಕೆ ಸರಿದಿತ್ತು. ಮುಂದಕ್ಕೆ ಎಳೆಯಲು ಹೋಗಲಿಲ್ಲ. ರೇಡಿಯೋ ಹಾಕಬಹುದಿತ್ತು, ಹಾಕಲಿಲ್ಲ. ಕಿವಿ ಕೊಟ್ಟೆ. ಎಂಜಿನ್ನಿನ ಸದ್ದು, ಗಾಳಿಯ ಸದ್ದು, ಟೈರು ಟಾರಿನ ಮೇಲೆ ಓಡುವ ಸದ್ದು. ಅದರೊಳಗೆ ಬೇರೇನೂ ಇರಲಿಲ್ಲ. ಬ್ರೇಕ್ ಒತ್ತಿದರೆ ಕಾರು ನೇರ ನಿಲ್ಲುತ್ತಿತ್ತು.

ಹುರುಳಿ ಹಾಸಿದ ಊರಿನ ಹತ್ತಿರ ಕೋಲು ಮೇಲೆದ್ದಿತು. ಈ ಸಲ ಹುರುಳಿ ಶುರುವಾಗುವ ಮೊದಲೇ ಕಾರು ನಿಲ್ಲಿಸಿ ಇಳಿದೆ.

"ಯಾಕವ್ವ ನಿಂತ್ಕಂಡೆ? ಗಾಡಿ ಕೆಟ್ಟೋಯ್ತಾ?"

"ಇಲ್ಲ ದೊಡ್ಡಮ್ಮ. ಕಲ್ಲೆಲ್ಲಿದೆ ತೋರ್ಸಿ."

"ಅಯ್ಯೋ, ಅದ್ನ ಅವತ್ತೇ ತಗ್ದು ಎಸ್ದೆ ಕಣವ್ವ. ನಿಂಗೆ ಏಟಾಯ್ತೇನೋ ಅಂತ ಒಟ್ಟೆ ಉರ್ದೋಯ್ತು. ಮೂರು ದಿನದಿಂದ ನಿನ್ ಬಿಳಿ ಗಾಡಿ ಬತ್ತದಾ ಅಂತ ನೋಡ್ತಾನೇ ಇವ್ನಿ."

ನನ್ನ ದಾರಿಯನ್ನು ಒಬ್ಬರು ಮೂರು ದಿನ ಕಾದಿದ್ದರು. ಅದು ನನಗೆ ಗೊತ್ತೇ ಇರಲಿಲ್ಲ.

ಹುರುಳಿಯ ಮೇಲೆ ನಡುವಿನಲ್ಲೇ ಕಾರು ಬಿಟ್ಟೆ, ತೆಳುವಾಗಿ ಹಾಸಿದ್ದ ಕಡೆ. ಗಿಡ ಚರಚರ ಮುರಿಯಿತು. ಆಚೆ ತುದಿಯಲ್ಲಿ ನಿಲ್ಲಿಸಿ, ಇಳಿದು, ಒಂದೊಂದು ಚಕ್ರದ ಹಿಂದೆಯೂ ಕೈ ಹಾಕಿ ಸಿಕ್ಕಿದ ಬಳ್ಳಿ ಎಳೆದು ತೆಗೆದೆ. ಆಮೇಲೆ ಅಂಗೈಯ ಹಿಂಬದಿ ಹಿಡಿದು ಸುತ್ತು ಬಂದೆ. ದೊಡ್ಡಮ್ಮ ಕೋಲೂರಿಕೊಂಡು ಹತ್ತಿರ ಬಂದಳು.

"ಏನವ್ವ ಅದು, ಸುತ್ತಾ ಕೈ ಇಟ್ಟು ನೋಡ್ತಿದ್ದೀಯೆ?"

"ಜ್ವರ ಇದೆಯಾ ಅಂತ."

ಅವಳು ಬೊಚ್ಚುಬಾಯಿ ಬಿಟ್ಟು ನಕ್ಕಳು. "ಅಯ್, ಗಾಡಿಗೂ ಜರ ಬಂದದಾ!" ಅಂದವಳು ಬಗ್ಗಿ, ತನ್ನ ಒಣ ಕೈಯನ್ನು ಎಡಗಡೆಯ ಮುಂದಿನ ಚಕ್ರದ ಹತ್ತಿರ ಹಿಡಿದಳು. "ಏನಿಲ್ಲ ಕಣವ್ವ. ಮೈ ಬೆಚ್ಚಗದೆ, ಅಷ್ಟೆ." ಕಿಟಕಿಯಿಂದ ಒಳಗೆ ಇಣುಕಿದಳು. "ದಿನಾ ಒಂದ್ ಉಡ್ಗಿ ಕೂತಿರ್ತಿತ್ತಲ್ಲ, ಬಾಯ್ ತುಂಬಾ ಮಾತಾಡ್ಕಂಡು? ಇವತ್ ಒಬ್ಳೇ ಓಯ್ತಿದ್ದೀಯಾ?"

"ಅವಳು ತವರಿಗೆ ಹೋದಳು ದೊಡ್ಡಮ್ಮ." ಒಂದು ಕ್ಷಣ ಬಿಟ್ಟು, ನಾನು ಹೇಳಬೇಕೆಂದುಕೊಂಡಿರದ ಮಾತು ಹೊರಗೆ ಬಂತು. "ನೀವು ಬರ್ತೀರಾ ನರಸೀಪುರಕ್ಕೆ? ಸಂಜೆ ವಾಪಸ್ ಬಿಡ್ತೀನಿ."

ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ನಗಲಿಲ್ಲ.

"ಉರುಳಿ ಬುಟ್ಟು ಎಲ್ ಬರಾನವ್ವ? ದನ ಬಾಯಾಕ್ತವೆ. ಓಗ್ಬುಟ್ಟು ಬಾ. ಸಂಜೆ ನಾ ಇಲ್ಲೇ ಇರ್ತೀನಿ."

ಕಾರು ಹತ್ತಿ ಬೆಲ್ಟ್ ಹಾಕಿಕೊಂಡೆ. ಕನ್ನಡಿಯಲ್ಲಿ ಅವಳು ಕೋಲಿನಿಂದ ಹುರುಳಿಯನ್ನು ತಿರುವಿ ಹಾಕುತ್ತ ಚಿಕ್ಕದಾಗುತ್ತ ಹೋದಳು. ನರಸೀಪುರಕ್ಕೆ ಇನ್ನೂ ಅರ್ಧ ದಾರಿ ಇತ್ತು. ಗಾಜು ಏರಿಸಿ, ಮತ್ತೆ ಕಿವಿ ಕೊಟ್ಟೆ.